ಹೊಸ ಪುರಾಣ ಕಟ್ಟೋದು ಸಾಧ್ಯನಾ? (ಜನರೇಟರ್ ಅಜ್ಜನಿಂದ ಶುರುವಾದ ಅನುಮಾನ)

ಹಂಚಿನಮನೆ
ಒಂದು ಸಣ್ಣ ಎಡವಟ್ಟು ಮಾಡಿಕೊಂಡಿದ್ದೇನೆ.

ನನ್ನ ಆರು ವರ್ಷದ ಮಗಳಿಗೆ ಕತ್ತಲೆ ಅಂದರೆ ಭಯ. ಹೋದ ತಿಂಗಳು ಮಳೆಗೆ ದಿನಾ ಸಂಜೆ ಕರೆಂಟ್ ಹೋಗುತ್ತಿತ್ತು. ನಮ್ಮ ಅಪಾರ್ಟ್‌ಮೆಂಟಿನ ಜನರೇಟರ್ ಶುರುವಾಗೋಕೆ ಅರ್ಧ ನಿಮಿಷ ಬೇಕು. ಆ ಅರ್ಧ ನಿಮಿಷ ದಾಟಿಸಲು ಸುಮ್ನೆ ಒಂದು ಕತೆ ಹೇಳಿದೆ. ಕೆಳಗೆ ಪಾರ್ಕಿಂಗ್‌ನಲ್ಲಿ ಜನರೇಟರ್ ಅಜ್ಜ ಮಲಗಿರುತ್ತಾನೆ. ಯಾವುದೋ ಮಗು ಹೆದರಿಕೊಂಡರೆ ಅವನಿಗೆ ಎಚ್ಚರ ಆಗುತ್ತೆ. ಎದ್ದ ತಕ್ಷಣ ಕೆಮ್ಮುತ್ತಾನೆ, ಆ ಗುಡುಗುಡು ಸದ್ದೇ ಕೆಮ್ಮು. ಆಮೇಲೆ ದೀಪ. ಅಷ್ಟೇ ಕತೆ.

ಮೊನ್ನೆ ಶನಿವಾರ ಸ್ಕೂಟರ್ ತೆಗೆಯಲು ಕೆಳಗೆ ಹೋದೆ. ಜನರೇಟರ್ ಜಾಲರಿಯ ಮುಂದೆ ನಾಲ್ಕು ಗ್ಲೂಕೋಸ್ ಬಿಸ್ಕೆಟ್, ಒಂದು ದಾಸವಾಳ, ಅರ್ಧ ಕೆಮ್ಮಿನ ಮಾತ್ರೆ! ವಾಚ್‌ಮನ್‌ನನ್ನು ಕೇಳಿದರೆ, "ಮಕ್ಕಳು ದಿನಾ ಇಡ್ತಾರೆ ಸಾರ್. ನಾನೂ ಗುಡಿಸೋಕೆ ಹೋಗಿಲ್ಲ, ಯಾಕೆ ಬೇಕು" ಅಂದ.

ಇದನ್ನು ನೋಡಿದ ಮೇಲೆ ತಲೆಗೆ ಹುಳ ಹೊಕ್ಕಿದೆ. ಬೇಕಂತಲೇ, ಗೊತ್ತಿದ್ದೇ ಹೊಸ ಪುರಾಣ ಕಟ್ಟಿದ ಲೇಖಕರು ಯಾರು? ರಾಮಾಯಣ, ಭಾರತವನ್ನು ಮತ್ತೆ ಬರೆದವರು ಬೇಡ, ಅವರು ಬೇಕಾದಷ್ಟಿದ್ದಾರೆ. ಮೊದಲು ಇಲ್ಲದ ದೇವರು, ಮೊದಲು ಇಲ್ಲದ ಊರು. ನನಗೆ ತಕ್ಷಣ ನೆನಪಾಗಿದ್ದು ಚಂದ್ರಶೇಖರ ಕಂಬಾರರು ತಮ್ಮ ಬರವಣಿಗೆಯಲ್ಲಿ ಕಟ್ಟಿದ ಊರು, ಶಿವಪುರ. ಬೇರೆ?

ತಂತಿಬೇಲಿ
ಪುರಾಣ ಅಂದರೇ ಹಳೆಯದು. ಹೊಸ ಪುರಾಣ ಅನ್ನೋದು ಬಿಸಿ ಐಸ್‌ಕ್ರೀಮ್ ಅಂದ ಹಾಗೆ.

ಸುಬ್ಬಿಯ ಸೊಸೆ
ಬಿಸಿ ಐಸ್‌ಕ್ರೀಮ್ ಗೊತ್ತಿಲ್ಲ, ನಮ್ಮ ಅತ್ತೆ ದಿನಾ ಹೊಸ ಪುರಾಣ ತೆಗೀತಾರೆ.

ತಮಾಷೆ ಬಿಡಿ, ಕೆಮ್ಮಿನ ಮಾತ್ರೆ ಇಟ್ಟ ಮಗು ಯಾರದು? ಆ ಮಗುವಿಗೆ ಒಂದು ಮುತ್ತು. ದೇವರಿಗೆ ಏನು ಬೇಕು ಅಂತ ಯೋಚನೆ ಮಾಡಿ ಇಟ್ಟಿದೆ. ನಾವು ದೊಡ್ಡವರು ನಮಗೆ ಬೇಕಾದ್ದನ್ನೇ ನೈವೇದ್ಯ ಮಾಡ್ತೀವಿ.

ಘಟಪ್ರಭಾ
ಕಂಬಾರರ ಹೆಸರು ಬಂತಲ್ಲ, ಸಂತೋಷ. ನಾನು ಅದೇ ಸೀಮೆಯವನು. ಅವರ ಊರು ಘೋಡಗೇರಿ, ಹುಕ್ಕೇರಿ ತಾಲೂಕು, ಬೆಳಗಾವಿ ಜಿಲ್ಲೆ. ಆದರೆ ಶಿವಪುರ ಪೂರ್ತಿ ಹೊಸದು ಅನ್ನೋದಕ್ಕೆ ಒಂದು ತಕರಾರು.

'ಜೋಕುಮಾರಸ್ವಾಮಿ' ನಾಟಕ ತಗೊಳ್ಳಿ, 1972ರದ್ದು. ಜೋಕುಮಾರ ಕಂಬಾರರು ಹುಟ್ಟಿಸಿದ ದೇವರಲ್ಲ. ನಮ್ಮ ಕಡೆ ಈಗಲೂ ಗಣೇಶ ಚೌತಿ ಆಗಿ ನಾಲ್ಕು ದಿನಕ್ಕೆ, ಭಾದ್ರಪದ ಅಷ್ಟಮಿಗೆ ಬರುತ್ತಾನೆ. ಮಣ್ಣಿನ ಮೂರ್ತಿ, ಅಗಲ ಮುಖ, ದೊಡ್ಡ ಕಣ್ಣು, ಬಾಯಿ ತುಂಬ ಬೆಣ್ಣೆ. ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕೂರಿಸಿಕೊಂಡು ಹೆಂಗಸರು ಮನೆ ಮನೆಗೆ ಹಾಡುತ್ತಾ ಬರುತ್ತಾರೆ. ನಾವು ಮೊರದಲ್ಲಿ ಜೋಳ ಕೊಟ್ಟರೆ ಅವರು ಬೇವಿನ ಸೊಪ್ಪು, ನುಚ್ಚು ಕೊಡುತ್ತಾರೆ. ಅದನ್ನು ಹೊಲಕ್ಕೆ ಚೆಲ್ಲಬೇಕು. ಏಳು ದಿನ ಬದುಕಿ ಹುಣ್ಣಿಮೆಗೆ ಸಾಯುತ್ತಾನೆ. ಅಗಸರ ಕಲ್ಲಿನ ಹತ್ತಿರ ಅವನ ಕತೆ ಮುಗಿಯುತ್ತೆ.

ನಮ್ಮಜ್ಜಿ ಹೇಳುತ್ತಿದ್ದಿದ್ದು ಇದು. ಗಣಪ ಕಡುಬು ತಿಂದು ಹೋಗಿ ಶಿವನಿಗೆ "ಊರು ಚೆನ್ನಾಗಿದೆ, ಎಲ್ಲರೂ ಉಂಡುಟ್ಟು ಇದ್ದಾರೆ" ಅಂತಾನೆ. ಜೋಕುಮಾರ ಹೊಲ ಸುತ್ತಿ, ಸತ್ತು ಹೋಗಿ "ಮಳೆ ಇಲ್ಲ, ಬೆಳೆ ಒಣಗಿದೆ" ಅಂತ ನಿಜ ಹೇಳ್ತಾನೆ. ಆಮೇಲೆ ಮಳೆ.

ಕಂಬಾರರು ಮಾಡಿದ್ದು ಈ ನಂಬಿಕೆಯನ್ನು ಗೌಡನ ಅಂಗಳಕ್ಕೆ ತಂದು ನಿಲ್ಲಿಸಿದ್ದು. ಮಕ್ಕಳಿಲ್ಲದ ಗೌಡ್ತಿ ಜೋಕುಮಾರನಿಗೆ ನಡೆದುಕೊಂಡು ಪಡವಲಕಾಯಿ ಪಲ್ಯ ಮಾಡ್ತಾಳೆ, ಅದನ್ನು ಗಂಡನ ಬದಲು ರೈತ ಬಸಣ್ಣ ಉಣ್ಣುತ್ತಾನೆ. ಉಳುವವನಿಗೆ ಹೊಲ ಅನ್ನೋ ಜಗಳ, ಬಸಿರಿನ ಜಗಳ ಎರಡೂ ಒಂದೇ ಆಗಿಬಿಡುತ್ತೆ. ಕಡೆಗೆ ಬಸಣ್ಣನೇ ಜೋಕುಮಾರ, ಸಾಯಲೇಬೇಕು. ಇದು ಹೊಸದಾ, ಹಳೆಯದಾ? ನೀವೇ ಹೇಳಿ.

ತಂತಿಬೇಲಿ
ನೀವೇ ಹೇಳಿದಿರಲ್ಲ, ಹಳೇದು. ಹಳೆ ಬಟ್ಟೆಗೆ ಹೊಸ ತೇಪೆ.

ಘಟಪ್ರಭಾ
ತೇಪೆ ಅಲ್ಲ ಸ್ವಾಮಿ, ಕೌದಿ. ಕೌದಿಯಲ್ಲಿ ಇರೋದೆಲ್ಲ ಹಳೆ ಬಟ್ಟೆಯೇ. ಆದರೆ ಕೌದಿ ಹೊಸದು.

ಮದ್ದೂರ್ ವಡೆ
ವಿಷಯಾಂತರಕ್ಕೆ ಕ್ಷಮೆ ಇರಲಿ. ಶಿವಪುರ ಕಂಬಾರರ ಕಲ್ಪನೆ ಅನ್ನಬೇಡಿ. ಅಸಲಿ ಶಿವಪುರ ನಮ್ಮ ಮದ್ದೂರಲ್ಲಿದೆ. 1938ರಲ್ಲಿ ಧ್ವಜ ಸತ್ಯಾಗ್ರಹ ಆಗಿದ್ದು ಅಲ್ಲೇ.

ಘಟಪ್ರಭಾ
ಕರ್ನಾಟಕದಲ್ಲಿ ಕಲ್ಲು ಎಸೆದರೆ ಒಂದು ಶಿವಪುರಕ್ಕೆ ಬೀಳುತ್ತೆ. ಅದಕ್ಕೇ ಆ ಹೆಸರು ಆರಿಸಿರಬೇಕು. ಎಲ್ಲರಿಗೂ ನಮ್ಮೂರೇ ಅನ್ನಿಸಬೇಕು, ಯಾರಿಗೂ ನಮ್ಮೂರು ಆಗಬಾರದು.

ರಾತ್ರಿಪಾಳಿ
ಪೂರ್ತಿ ಹೊಸದು ಬೇಕು ಅಂದ್ರೆ ಹೊರಗೆ ಹೋಗಬೇಕು. ಡನ್ಸನಿ ಅಂತ ಒಬ್ಬ ಐರಿಷ್ ಜಹಗೀರುದಾರ. 1905ರಲ್ಲಿ ಕೈಯಿಂದ ದುಡ್ಡು ಹಾಕಿ 'ದಿ ಗಾಡ್ಸ್ ಆಫ್ ಪೆಗಾನ' ಅಂತ ಒಂದು ಪುಟ್ಟ ಪುಸ್ತಕ ಅಚ್ಚು ಹಾಕಿಸಿದ. ಅದರಲ್ಲಿರೋ ದೇವರೆಲ್ಲ ಅವನೇ ಮಾಡಿದ್ದು. ಗ್ರೀಕ್ ಅಲ್ಲ, ಬೈಬಲ್ ಅಲ್ಲ. ದೊಡ್ಡ ದೇವರ ಹೆಸರು ಮಾನ-ಯೂದ್-ಸುಶಾಯ್. ಅವನು ಸಣ್ಣ ದೇವರುಗಳನ್ನು ಮಾಡಿ ನಿದ್ದೆ ಹೋದ. ಸ್ಕಾರ್ಲ್ ಅನ್ನೋನು ಪಕ್ಕದಲ್ಲಿ ಕೂತು ನಗಾರಿ ಬಾರಿಸ್ತಾ ಇರ್ತಾನೆ. ಬಾರಿಸೋದು ನಿಂತರೆ ದೊಡ್ಡವನಿಗೆ ಎಚ್ಚರ ಆಗುತ್ತೆ. ಎಚ್ಚರ ಆದರೆ ಲೋಕವೂ ಇಲ್ಲ, ಸಣ್ಣ ದೇವರೂ ಇಲ್ಲ.

ಹಂಚಿನಮನೆ ಅವರೇ, ನಿಮ್ಮ ಅಜ್ಜ ಉಲ್ಟಾ. ನಿಮ್ಮವನು ಏಳಬೇಕು, ಇವನು ಏಳಬಾರದು.

ತುಳಸಿಕಟ್ಟೆ
ಇದು ವಿಷ್ಣುವಿನ ಯೋಗನಿದ್ರೆ. ಎಲ್ಲವೂ ನಮ್ಮಿಂದಲೇ ಹೋಗಿದ್ದು. ಅವರ 'ಮಿಥ್' ಅನ್ನೋ ಪದವೇ ನಮ್ಮ 'ಮಿಥ್ಯೆ'.

ರಾತ್ರಿಪಾಳಿ
ಮಿಥ್ ಬಂದಿದ್ದು ಗ್ರೀಕಿನ ಮಿಥೋಸ್‌ನಿಂದ. ಅಲ್ಲಿ ಅದಕ್ಕೆ ಮಾತು, ಕತೆ ಅಂತ ಅರ್ಥ. ಮಿಥ್ಯೆಗೂ ಅದಕ್ಕೂ ಸಂಬಂಧ ಇಲ್ಲ, ಸದ್ದು ಒಂದೇ ಥರ ಇದೆ ಅಷ್ಟೇ. ಮತ್ತೆ ಯೋಗನಿದ್ರೆಯಲ್ಲಿ ವಿಷ್ಣು ಎದ್ದರೆ ನಮಗೆ ಖುಷಿ. ಉತ್ಥಾನ ದ್ವಾದಶಿಗೆ ನೆಲ್ಲಿ ಕೊಂಬೆ ನೆಟ್ಟು ತುಳಸಿ ಪೂಜೆ ಮಾಡೋರು ನಾವು. ಡನ್ಸನಿಯ ದೇವರು ಎದ್ದರೆ ಎಲ್ಲ ಖತಂ. ನಿದ್ದೆ ಮಾತ್ರ ಒಂದೇ ಥರ, ಕತೆ ಬೇರೆ.

ತುಳಸಿಕಟ್ಟೆ
ದೀಪಾವಳಿ ಆದ ಮೇಲೆ ಮಾತಾಡೋಣ.

ಕಾಫಿಡಬ್ಬಿ
ಟೋಲ್ಕೀನ್ ಹೆಸರು ಇನ್ನೂ ಬಂದಿಲ್ಲ, ಆಶ್ಚರ್ಯ. ಅವನು ಮೊದಲು ಭಾಷೆ ಕಟ್ಟಿದ. ಆಮೇಲೆ ಆ ಭಾಷೆ ಆಡೋ ಜನ ಬೇಕಲ್ಲ ಅಂತ ಕತೆ ಕಟ್ಟಿದ. 'ದಿ ಸಿಲ್ಮರಿಲಿಯನ್' ಓದಿ. ಲೋಕ ಹುಟ್ಟೋದು ಹಾಡಿನಿಂದ. ಎಲ್ಲರೂ ಸೇರಿ ಹಾಡುವಾಗ ಮೆಲ್ಕೋರ್ ಅನ್ನೋನು ತನ್ನದೇ ರಾಗ ಎಳೀತಾನೆ. ಅಪಸ್ವರ ಅಲ್ಲಿಂದ ಲೋಕದೊಳಗೆ ಬಂತು. ಟೋಲ್ಕೀನ್ 1973ರಲ್ಲಿ ತೀರಿಕೊಂಡ, ಪುಸ್ತಕ ಬಂದಿದ್ದು 1977ರಲ್ಲಿ, ಮಗ ಹೊಂದಿಸಿಕೊಟ್ಟ ಮೇಲೆ. ಒಂದು ಇಡೀ ಆಯುಷ್ಯದ ಕೆಲಸ.

ಸುಬ್ಬಿಯ ಸೊಸೆ
ಭಜನಾ ಮಂಡಳಿಯಲ್ಲೂ ಒಬ್ಬ ಮೆಲ್ಕೋರ್ ಇದ್ದೇ ಇರ್ತಾರೆ.

ನೀರುಳ್ಳಿಗದ್ದೆ
ಕಾಫಿಡಬ್ಬಿ, ಒಂದು ಸೇರಿಸಲೇ? ಟೋಲ್ಕೀನ್ ಕೂಡ ಬರಿಗೈಯಲ್ಲಿ ಶುರು ಮಾಡಲಿಲ್ಲ. ಅವನಿಗೆ ಫಿನ್ಲೆಂಡಿನ 'ಕಲೇವಲ' ಹುಚ್ಚು ಹಿಡಿಸಿತ್ತು, ಫಿನ್ನಿಶ್ ಕಲಿಯೋಕೆ ಹೊರಟಿದ್ದೇ ಅದಕ್ಕೆ. ಅವನ ಎಲ್ಫ್ ಭಾಷೆ ಕ್ವೆನ್ಯಾಕ್ಕೆ ಫಿನ್ನಿಶ್ ಸದ್ದು ಇದೆ.

ಇನ್ನು ಕಲೇವಲ ಹುಟ್ಟಿದ್ದು ಹೇಗೆ? ಎಲಿಯಾಸ್ ಲೋನ್ರೂಟ್ ಅಂತ ಒಬ್ಬ ಡಾಕ್ಟರ್. ರಜೆ ಹಾಕಿಕೊಂಡು ಕರೇಲಿಯಾದ ಹಳ್ಳಿ ಹಳ್ಳಿ ಅಲೆದು ಹಾಡು ಬರೆದುಕೊಂಡ. ಬಿಡಿ ಬಿಡಿ ಹಾಡುಗಳನ್ನು ತಾನೇ ಹೊಂದಿಸಿ ಒಂದು ಮಹಾಕಾವ್ಯ ಮಾಡಿದ, 1835ರಲ್ಲಿ ಒಂದು ಸಲ, 1849ರಲ್ಲಿ ಇನ್ನೂ ದೊಡ್ಡದಾಗಿ. ಹಾಡುಗಾರರ ಬಾಯಲ್ಲಿ ಆ ಕ್ರಮದಲ್ಲಿ ಅದು ಯಾವತ್ತೂ ಇರಲಿಲ್ಲ. ಈಗ ಇಡೀ ದೇಶ ಫೆಬ್ರವರಿ 28ಕ್ಕೆ ಕಲೇವಲ ದಿನ ಅಂತ ಬಾವುಟ ಹಾರಿಸುತ್ತೆ.

ಹಾಗಾದರೆ ಕಲೇವಲ ಯಾರದ್ದು? ಹಾಡಿದವರದ್ದಾ, ಹೊಲಿದವನದ್ದಾ? ಘಟಪ್ರಭಾ ಹೇಳಿದ ಕೌದಿ ಮಾತು ನನಗೆ ಬಹಳ ಹಿಡಿಸಿತು.

ನೀಲಗಾರ್ ಮೊಮ್ಮಗ
ನೀವೆಲ್ಲ ಬರೆದವರ ಬಗ್ಗೆ ಮಾತಾಡ್ತಿದ್ದೀರಿ. ಬರೆಯದೇ ಇದ್ದವರು ಜಾಸ್ತಿ ಕಟ್ಟಿದ್ದಾರೆ.

ನಮ್ಮ ಕಡೆ ಮಂಟೇಸ್ವಾಮಿ ಕಾವ್ಯ ಇದೆ. ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡೋದು. ಅದರಲ್ಲಿ ಮಂಟೇಸ್ವಾಮಿ ಗಬ್ಬು ವೇಷದಲ್ಲಿ ಕಲ್ಯಾಣಕ್ಕೆ ಹೋಗಿ ಬಸವಣ್ಣನವರನ್ನೇ ಪರೀಕ್ಷೆ ಮಾಡ್ತಾನೆ. ಬಸವಣ್ಣ 12ನೇ ಶತಮಾನ. ಮಂಟೇಸ್ವಾಮಿ ಬಂದಿದ್ದು ಎಷ್ಟೋ ಕಾಲ ಆದ ಮೇಲೆ. ಲೆಕ್ಕ ಕೂಡೋದೇ ಇಲ್ಲ. ಆದರೂ ಆ ಭೇಟಿ ಆಗಬೇಕಿತ್ತು ಅಂತ ನಮ್ಮ ಜನಕ್ಕೆ ಅನ್ನಿಸಿದೆ, ಆಗಿಸಿದ್ದಾರೆ. ಕಲ್ಯಾಣದಲ್ಲಿ ಎಲ್ಲರೂ ಸಮಾನ ಅಂದಿರಲ್ಲ, ಈ ಗಬ್ಬು ಗುರುವನ್ನು ಒಳಗೆ ಬಿಡ್ತೀರಾ ನೋಡೋಣ ಅಂತ.

ಒಂದು ಕಣ್ಣಾರೆ ಕಂಡಿದ್ದು ಹೇಳ್ತೀನಿ. ಚಿಕ್ಕಲ್ಲೂರು ಜಾತ್ರೆ, ಚಂದ್ರಮಂಡಲ ಹಚ್ಚಿ ಆದ ಮೇಲೆ ಒಂದು ಕಡೆ ಹಾಡು ನಡೀತಿತ್ತು. ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳದವರ, ಅಂದರೆ ಕಮ್ಮಾರರ, ಹತ್ತಿರ ಕಬ್ಬಿಣ ಭಿಕ್ಷೆಗೆ ಹೋಗೋ ಸಾಲು. ಎದುರಿಗೆ ಕೂತಿದ್ದ ಒಬ್ಬನ ಫೋನ್ ಜೋರಾಗಿ ಹೊಡ್ಕೊಂಡಿತು. ಹಾಡುಗಾರರು ತಂಬೂರಿ ನಿಲ್ಲಿಸಲೇ ಇಲ್ಲ. ಅದೇ ಧಾಟಿಯಲ್ಲಿ, "ಯಾರಪ್ಪಾ ಅದು, ನನ್ನ ಗುರು ಮಂಟೇದಯ್ಯ ಕರೀತಾವ್ನಾ" ಅಂತ ಹಾಡಿ ಮುಂದೆ ಹೋದರು. ಸುತ್ತ ಕೂತವರು ನಕ್ಕರು, ಕೆಲವರು ಕೈ ಮುಗಿದರು. ಪುರಾಣ ಹಳೇದಾಗೋಕೆ ಅವರು ಬಿಡೋದೇ ಇಲ್ಲ.

ಹಂಚಿನಮನೆ
ನಕ್ಕವರು ಮತ್ತು ಕೈ ಮುಗಿದವರು, ಎರಡೂ ಒಟ್ಟಿಗೆ! ಇದೇ ಬೇಕಿತ್ತು ನನಗೆ.

ತಂತಿಬೇಲಿ
ಚೆನ್ನಾಗಿದೆ. ಆದರೆ ಅದು ಜನಪದ. ಮೂಲ ಪ್ರಶ್ನೆ ಲೇಖಕರದ್ದು. ಲೇಖಕನಿಗೆ ಹೆಸರಿರುತ್ತೆ, ಕಾಪಿರೈಟ್ ಇರುತ್ತೆ. ಹೆಸರು ಇರೋವರೆಗೆ ಅದು ಕಾದಂಬರಿ. ಹೆಸರು ಬಿದ್ದು ಹೋದ ದಿನ ಪುರಾಣ.

ಕಾಫಿಡಬ್ಬಿ
ವ್ಯಾಸ, ವಾಲ್ಮೀಕಿ?

ತಂತಿಬೇಲಿ
ಅವರೇ ಕತೆಯೊಳಗಿನ ಪಾತ್ರ ಆಗಿಬಿಟ್ಟಿದ್ದಾರೆ. ಲೆಕ್ಕಕ್ಕಿಲ್ಲ.

ಕಾಫಿಡಬ್ಬಿ
ಸೋತಾಗೆಲ್ಲ ನಿಯಮ ಬದಲಾಯಿಸ್ತೀರಲ್ಲ.

ಹಳೆ ಮೇಷ್ಟ್ರು
ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಈ ಜಗಳ ಕನ್ನಡದಲ್ಲಿ ಒಮ್ಮೆ ಆಗಿ ಹೋಗಿದೆ. ಕುವೆಂಪು 1944ರಲ್ಲಿ 'ಶೂದ್ರ ತಪಸ್ವಿ' ನಾಟಕ ಬರೆದರು. ಹಳೆ ಕತೆಯಲ್ಲಿ ರಾಮ ಶಂಬೂಕನ ತಲೆ ಕತ್ತರಿಸುತ್ತಾನೆ. ಕುವೆಂಪು ನಾಟಕದಲ್ಲಿ ರಾಮ ಬಾಣ ಬಿಡುತ್ತಾನೆ, ಆದರೆ ತಪ್ಪು ಯಾರದೋ ಅವರನ್ನು ಹುಡುಕು ಅಂತ ಬಿಡುತ್ತಾನೆ. ಬಾಣ ಶಂಬೂಕನಿಗೆ ನಮಸ್ಕರಿಸಿ, ತಿರುಗಿ ದೂರು ತಂದ ಬ್ರಾಹ್ಮಣನ ಬೆನ್ನು ಹತ್ತುತ್ತದೆ! ಮಾಸ್ತಿಯವರು ಇದನ್ನು ಒಪ್ಪಲಿಲ್ಲ. ಹೊಸ ಮಾತು ಹೇಳಬೇಕಿದ್ದರೆ ಹೊಸ ಕತೆ ಕಟ್ಟಬಹುದು, ಹಳೆಯದನ್ನು ತಿರುಗಿಸುವುದು ಯಾಕೆ ಅನ್ನುವುದು ಅವರ ವಾದದ ತಿರುಳು. ಕುವೆಂಪು ಉತ್ತರ ಕೊಟ್ಟರು. ಇಬ್ಬರೂ ದೊಡ್ಡವರು, ಜಗಳವೂ ದೊಡ್ಡದಾಗಿಯೇ ನಡೆಯಿತು.

ನಾನು ಮೂವತ್ತು ವರ್ಷ ಇದನ್ನು ಪಾಠ ಮಾಡಿದ್ದೇನೆ. ಮೊದಲ ಹತ್ತು ವರ್ಷ ಕುವೆಂಪು ಪರ. ನಂತರ ಒಮ್ಮೆ ಹಿಂದಿನ ಬೆಂಚಿನ ಹುಡುಗ ಕೇಳಿದ, "ಸಾರ್, ಹಾಗಾದ್ರೆ ನಿಜವಾದ ಕತೆಯಲ್ಲಿ ಶಂಬೂಕ ಸತ್ತಿದ್ದು ಸುಳ್ಳಾ?" ನನಗೆ ಉತ್ತರ ಹೊಳೆಯಲಿಲ್ಲ. ಹೊಸ ಕತೆ ಹಳೆ ಕೊಲೆಯನ್ನು ಮುಚ್ಚಿಬಿಟ್ಟರೆ? ಆ ದಿನದಿಂದ ಎರಡೂ ಕತೆಯನ್ನು ಪಕ್ಕಪಕ್ಕದಲ್ಲಿ ಹೇಳತೊಡಗಿದೆ. ಮಾಸ್ತಿ ಪರ ಆದೆ ಅಂತಲ್ಲ. ಆದರೆ ಅವರ ಆಕ್ಷೇಪಣೆಯನ್ನು ಬರೀ ಮಡಿವಂತಿಕೆ ಅಂತ ತಳ್ಳಿಹಾಕುವುದು ಬಿಟ್ಟೆ.

ಇನ್ನು, ತಿರುಗಿಸುವುದು ಕುವೆಂಪು ಶುರು ಮಾಡಿದ್ದಲ್ಲ. ಪಂಪ 941ರಲ್ಲಿ ತನ್ನ ರಾಜ ಅರಿಕೇಸರಿಯನ್ನೇ ಅರ್ಜುನ ಮಾಡಿ ಬರೆದ. ಅವನ ಭಾರತದಲ್ಲಿ ದ್ರೌಪದಿ ಐವರ ಹೆಂಡತಿ ಅಲ್ಲ, ಅರ್ಜುನನೊಬ್ಬನ ಹೆಂಡತಿ. ಕೊನೆಯಲ್ಲಿ ಅರ್ಜುನನ ಜೊತೆ ಪಟ್ಟಕ್ಕೆ ಕೂರುವವಳು ಸುಭದ್ರೆ.

ಸುಬ್ಬಿಯ ಸೊಸೆ
ಮೇಷ್ಟ್ರೇ, ಅಷ್ಟೆಲ್ಲ ಅವಮಾನ ತಿಂದವಳು ದ್ರೌಪದಿ, ಪಟ್ಟ ಸುಭದ್ರೆಗೆ? ಪಂಪನಿಗೆ ಯಾರೂ ಕೇಳಲಿಲ್ವಾ?

ಹಳೆ ಮೇಷ್ಟ್ರು
ರಾಜ ಮೆಚ್ಚಿ ಧರ್ಮವುರ ಅನ್ನುವ ಊರನ್ನೇ ಕೊಟ್ಟ ತಾಯಿ. ಕೇಳುವವರು ಯಾರು?

ಹುಣಸೆಮರ
ನಮ್ಮ ಮನೆಯ ಹೊಸ ಪುರಾಣ ಹೇಳ್ತೀನಿ. 1975ರಲ್ಲಿ 'ಜೈ ಸಂತೋಷಿ ಮಾ' ಅಂತ ಹಿಂದಿ ಸಿನಿಮಾ ಬಂತು. ಅಮ್ಮ ಅದನ್ನು ನೋಡಿ ಬಂದು ಶುಕ್ರವಾರದ ವ್ರತ ಹಿಡಿದರು. ಕಡಲೆ ಬೆಲ್ಲ ನೈವೇದ್ಯ. ಅವತ್ತು ಮನೆಯಲ್ಲಿ ಯಾರೂ ಹುಳಿ ಮುಟ್ಟಬಾರದು. ನಮ್ಮ ಮನೆಯಲ್ಲಿ! ಹುಣಸೆಹಣ್ಣು ಇಲ್ಲದೆ ಸಾರು, ಮಜ್ಜಿಗೆ ಇಲ್ಲದೆ ಊಟ. ಹದಿನೈದನೇ ಶುಕ್ರವಾರ ಚಿಕ್ಕಪ್ಪ ಕದ್ದು ಮಾವಿನಕಾಯಿ ಉಪ್ಪಿನಕಾಯಿ ತಿಂದ. ಅವನ ಮೂತಿ ನೋಡೇ ಅಮ್ಮನಿಗೆ ಗೊತ್ತಾಯಿತು. ಮತ್ತೆ ಒಂದರಿಂದ ಶುರು. ಚಿಕ್ಕಪ್ಪನ ಮೇಲಿನ ಸಿಟ್ಟು ಇವತ್ತಿಗೂ ಹೋಗಿಲ್ಲ.

ಆ ದೇವಿಯನ್ನು ಸಿನಿಮಾದವರು ಹುಟ್ಟಿಸಿದರು ಅನ್ನೋದಾದರೆ, ಇದಕ್ಕಿಂತ ಗೆದ್ದ ಪುರಾಣ ಯಾವುದಿದೆ?

ನೀರುಳ್ಳಿಗದ್ದೆ
ಹುಟ್ಟಿಸಲಿಲ್ಲ. ಅದಕ್ಕೂ ಮುಂಚೆ ಉತ್ತರದಲ್ಲಿ ವ್ರತಕತೆಯ ಪುಸ್ತಿಕೆಗಳು ಓಡಾಡುತ್ತಿದ್ದವು. ಸಿನಿಮಾ ಅವಳನ್ನು ಗಣೇಶನ ಮಗಳು ಅಂತ ತೋರಿಸಿ ದೇಶಕ್ಕೆಲ್ಲ ಹಂಚಿತು. ಆದರೆ ನಿಮ್ಮ ಚಿಕ್ಕಪ್ಪನ ಉಪ್ಪಿನಕಾಯಿ ಪ್ರಸಂಗ ವ್ರತಕತೆಗೆ ಸೇರಿಸಬಹುದು.

ಕಡಲಹಕ್ಕಿ
ಸಿನಿಮಾ ಅಂದಿದ್ದಕ್ಕೆ ಹೇಳ್ತೀನಿ. 2022ರಲ್ಲಿ 'ಕಾಂತಾರ' ಬಂದಾಗ ನಾನು ಬೆಂಗಳೂರಲ್ಲಿದ್ದೆ. ಆಫೀಸಿನಲ್ಲಿ ಎಲ್ಲರೂ ನನ್ನನ್ನು ಹಿಡಿದು "ಆ ರಾಜನ ಕತೆ ನಿಮ್ಮ ಕಡೆ ನಿಜವಾ" ಅಂತ ಕೇಳೋರು. ಪಂಜುರ್ಲಿ, ಗುಳಿಗ ನಮ್ಮ ದೈವಗಳು, ಅವಕ್ಕೆ ಪಾಡ್ದನ, ಅಂದರೆ ತುಳುವಿನ ಕಥನ ಹಾಡು, ಇದೆ. ಆ ರಾಜ, ಆ ಊರು ಸಿನಿಮಾದ್ದು. ಇದನ್ನು ಎಷ್ಟು ಸಲ ಹೇಳಿದರೂ ಕೇಳಲಿಲ್ಲ. ಕೊನೆಗೆ ಸಾಕಾಗಿ "ಹೌದು, ನಿಜ" ಅಂದುಬಿಟ್ಟೆ. ಪುರಾಣ ಹರಡಿದವರಲ್ಲಿ ನಾನೂ ಒಬ್ಬಳು, ಬೈಯಬೇಡಿ.

ದೀಪದ ಮಲ್ಲಿ
ನನಗೆ ಅಚ್ಚರಿ ಅನ್ನಿಸೋದು ಬೇರೆ ಒಂದು. ಕಾರ್ನಾಡರ 'ನಾಗಮಂಡಲ' ಶುರುವಾಗೋದು ಪಾಳು ಗುಡಿಯಲ್ಲಿ. ಊರಿನ ದೀಪಗಳೆಲ್ಲ ಆರಿಸಿದ ಮೇಲೆ ಅಲ್ಲಿ ಬಂದು ಸೇರಿ ಹರಟೆ ಹೊಡೆಯುತ್ತವೆ. ದೇವನೂರರ 'ಕುಸುಮಬಾಲೆ'ಯಲ್ಲೂ ಜೋತಮ್ಮಗಳು, ಅಂದರೆ ದೀಪಗಳೇ, ಸೇರಿ ಮಾತಾಡುತ್ತವೆ. ಕುಸುಮಬಾಲೆ 1984, ನಾಗಮಂಡಲ 1988. ಮೊದಲ ಸಲ ಓದಿದಾಗ ಯಾರೋ ಯಾರದ್ದೋ ಕದ್ದಿದ್ದಾರೆ ಅಂತ ಮಾಡಿದ್ದೆ.

ಆಮೇಲೆ ಎ. ಕೆ. ರಾಮಾನುಜನ್ ಕೂಡಿಟ್ಟ ಕನ್ನಡ ಜನಪದ ಕತೆ ಸಿಕ್ಕಿತು. ಒಬ್ಬಳಿಗೆ ಒಂದು ಕತೆ, ಒಂದು ಹಾಡು ಬರುತ್ತಿತ್ತು. ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಗಟ್ಟಿದ ಕತೆ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಗೆ ಬಿದ್ದು ಜೋಡು ಆಯಿತು, ಹಾಡು ಕೋಟು ಆಯಿತು. ಗಂಡ ಬಂದವನು "ಯಾರು ಬಂದಿದ್ದಾರೆ?" ಅಂತ ಕೇಳಿ ಜಗಳ ತೆಗೆದ. ಸಿಟ್ಟಲ್ಲಿ ಹನುಮಪ್ಪನ ಗುಡಿಗೆ ಹೋಗಿ ಮಲಗಿದ. ಅಲ್ಲಿಗೆ ಊರ ದೀಪಗಳು ಬಂದವು. ಒಂದು ದೀಪ ತಡವಾಗಿ ಬಂತು. ಯಾಕೆ ತಡ ಅಂದರೆ, ನಮ್ಮ ಮನೆಯಲ್ಲಿ ಗಂಡ ಹೆಂಡತಿ ಜಗಳ ಅಂತ ಎಲ್ಲ ಹೇಳಿತು. ಗಂಡನಿಗೆ ನಿಜ ಗೊತ್ತಾಯಿತು. ಮನೆಗೆ ಬಂದು "ಯಾವ ಕತೆ, ಯಾವ ಹಾಡು?" ಅಂತ ಕೇಳಿದರೆ ಅವಳಿಗೆ ಮರೆತೇ ಹೋಗಿತ್ತು.

ಅಂದರೆ ಯಾರೂ ಕದ್ದಿರಲಿಲ್ಲ. ದೀಪಗಳು ಮೊದಲಿಂದಲೂ ಮಾತಾಡುತ್ತಿದ್ದವು. ನಮ್ಮಮ್ಮ ಈಗಲೂ ದೀಪ ಆರಿಸು ಅನ್ನೋದಿಲ್ಲ, ದೀಪ ಶಾಂತ ಮಾಡು ಅಂತಾರೆ.

ನೀಲಗಾರ್ ಮೊಮ್ಮಗ
"ಅವಳಿಗೆ ಮರೆತೇ ಹೋಗಿತ್ತು." ಅಬ್ಬಾ.

ಜಾನಪದ ಜಂಗಮ
'ನಾಗಮಂಡಲ' ಸಿನಿಮಾ ಹಾಡುಗಳು ಕೇಳಿದ್ದೀರಾ? 1997. ಅಶ್ವತ್ಥ್ ಸಂಗೀತ. ಇವತ್ತು ರಾತ್ರಿ ಅದೇ.

ಬ್ಯಾಕ್‌ಬೆಂಚ್
ಲವ್‌ಕ್ರಾಫ್ಟ್ ಬಿಟ್ಟುಬಿಟ್ರಲ್ಲ. ಅಮೆರಿಕದವನು, 1937ರಲ್ಲಿ ಸತ್ತ. ಕ್ತುಲು ಅನ್ನೋ ಸಮುದ್ರದಡಿ ಮಲಗಿರೋ ಭಯಂಕರ ದೇವರನ್ನು ಮಾಡಿದ. (ಇದೂ ಮಲಗಿರೋ ದೇವರೇ ನೋಡಿ.) ಗೆಳೆಯರಿಗೆಲ್ಲ "ನನ್ನ ದೇವರನ್ನು ನೀವೂ ಬಳಸಿಕೊಳ್ಳಿ" ಅಂತ ಬಿಟ್ಟುಕೊಟ್ಟ. ಅವರ ದೇವರನ್ನು ತಾನೂ ತಗೊಂಡ. ಕತೆಯಲ್ಲಿ 'ನೆಕ್ರೊನೊಮಿಕಾನ್' ಅಂತ ಇಲ್ಲದ ಗ್ರಂಥ ಸೃಷ್ಟಿ ಮಾಡಿದ. ಅದು ಎಲ್ಲಿ ಸಿಗುತ್ತೆ ಅಂತ ಓದುಗರು ಕೇಳೋಕೆ ಶುರು ಮಾಡಿದರು. ನಾನೇ ಕಟ್ಟಿದ್ದು ಕಣ್ರೋ ಅಂತ ಅವನೇ ಹೇಳಬೇಕಾಯಿತು. ತಂತಿಬೇಲಿಯವರ ಕಾಪಿರೈಟ್ ವಾದಕ್ಕೆ ಇದು ಉತ್ತರ. ಕಟ್ಟಿದವನೇ ಬಾಗಿಲು ತೆಗೆದಿಟ್ಟರೆ ಹೆಸರು ಇದ್ದೂ ಪುರಾಣ ಆಗುತ್ತೆ.

ತಂತಿಬೇಲಿ
ಅವನಿಗೆ ಯಾರೂ ಹಣ್ಣುಕಾಯಿ ಮಾಡಿಸ್ತಿಲ್ಲವಲ್ಲ. ಆದರೆ ಬಾಗಿಲು ತೆಗೆದಿಡೋ ಮಾತು ಒಪ್ಪಿದೆ. ಅರ್ಧ ಒಪ್ಪಿದೆ.

ಕಾಫಿಡಬ್ಬಿ
ಇವತ್ತಿನ ದಿನಾಂಕ ಬರೆದಿಟ್ಟುಕೊಳ್ಳಿ.

ಪುಸ್ತಕದ ಹುಳು
ನೆಕ್ರೊನೊಮಿಕಾನ್ ಕನ್ನಡ ಅನುವಾದದ ಪಿಡಿಎಫ್ ಯಾರ ಹತ್ತಿರವಾದರೂ ಇದೆಯಾ? ಇದ್ದರೆ ಕಳಿಸಿ ಪ್ಲೀಸ್.

ಬ್ಯಾಕ್‌ಬೆಂಚ್
😐

ಮೂಡಿಗೆರೆ ಮಂಜು
ತೇಜಸ್ವಿಯವರ 'ಕರ್ವಾಲೊ' ಯಾಕೆ ಯಾರೂ ಹೇಳಿಲ್ಲ? ಹಾರುವ ಓತಿ ನಿಜವಾದ ಪ್ರಾಣಿ, ಗೊತ್ತು. ಆದರೆ ಓದಿ ಮುಗಿಸಿದ ಮೇಲೆ ಅದು ಪ್ರಾಣಿಯಾಗಿ ಉಳಿಯೋದಿಲ್ಲ. ಎಲ್ಲರೂ ಸೇರಿ ಹಿಡಿಯೋಕೆ ಹೋಗ್ತಾರೆ, ಅದು ತೇಲಿಕೊಂಡು ಕಣಿವೆಗೆ ಇಳಿದು ಮಾಯ ಆಗುತ್ತೆ. ದೇವರು ಬೇಕಿಲ್ಲ ಪುರಾಣಕ್ಕೆ. ನಾನು ಒಮ್ಮೆ ತೋಟದಲ್ಲಿ ಹಾರುವ ಓತಿ ನೋಡಿದೆ. ಮೊದಲು ಬಾಯಿಗೆ ಬಂದ ಹೆಸರು ಆ ಕಾದಂಬರಿಯ ಮಂದಣ್ಣ.

ತಂತಿಬೇಲಿ
ಇದೂ ಒಪ್ಪಿದೆ. ಇವತ್ತು ನನಗೆ ಏನೋ ಆಗಿದೆ.

ಎಡಿಸನ್ ಅಮ್ಮ
ನ್ಯೂಜೆರ್ಸಿಯಿಂದ ಓದ್ತಿದ್ದೇನೆ. ಇಲ್ಲಿ ಕರೆಂಟೇ ಹೋಗಲ್ಲ, ಮಗನಿಗೆ ಜನರೇಟರ್ ಅಜ್ಜ ಅರ್ಥ ಆಗಲಿಲ್ಲ. ನೆಲಮಾಳಿಗೆಯ ಹೀಟರ್‌ಗೆ ಬದಲಾಯಿಸಿ ಹೇಳಿದೆ. ತಪ್ಪು ತಿಳಿಯಬೇಡಿ, ಕಾಪಿ ಹೊಡೆದಿದ್ದೇನೆ.

ಹಂಚಿನಮನೆ
ಎಡಿಸನ್ ಅಮ್ಮ, ಧಾರಾಳವಾಗಿ. ಅಜ್ಜನಿಗೆ ಅಲ್ಲಿ ಸ್ವೆಟರ್ ಹಾಕಿಸಿ.

ಎಲ್ಲರಿಗೂ ಒಂದು ಸುದ್ದಿ. ಇವತ್ತು ಮತ್ತೆ ಕರೆಂಟ್ ಹೋಯಿತು. ಲಿಫ್ಟ್ ಹತ್ತಿರ ನಾನು, ಮಗಳು, ಎರಡನೇ ಮಹಡಿಯ ಹುಡುಗ ನಿಂತಿದ್ದೆವು. ಕಾರಿಡಾರಿನ ಒಂದು ಸಣ್ಣ ದೀಪ ಮಾತ್ರ ಉರೀತಿತ್ತು. ಆ ಹುಡುಗ ನನಗೆ ಹೇಳಿದ, "ಅಂಕಲ್, ನಿಮಗೆ ಗೊತ್ತಾ? ಅಜ್ಜ ಏಳೋವರೆಗೆ ಅಜ್ಜಿ ನೋಡ್ಕೋತಾಳೆ." ಯಾವ ಅಜ್ಜಿ? ನಾನು ಅಜ್ಜಿ ಇಟ್ಟೇ ಇರಲಿಲ್ಲ! ಮಗಳನ್ನು ಕೇಳಿದೆ, ಅವಳೂ ಹೇಳಿಲ್ಲವಂತೆ. ಕತೆ ನಿಮ್ಮಪ್ಪಂದು ಅಂತ ಹೇಳಮ್ಮ ಅಂದೆ. ಆ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಲ್ಲ ಅಂಕಲ್, ಇದು ಮುಂಚಿಂದ ಇದೆ" ಅಂದ.

ಸುಬ್ಬಿಯ ಸೊಸೆ
ಅಜ್ಜಿ ಹೆಸರೇನಂತೆ?

ಹಂಚಿನಮನೆ
ಯುಪಿಎಸ್ಸಮ್ಮ.

ಘಟಪ್ರಭಾ
ಅವಳಿಗೆ ಹುಳಿ ನಡೆಯುತ್ತಾ ಕೇಳಿ.